ಸೆಲ್ಫ್ ಮೋಟರ್ ಮೇಲೆ ಡೀಸೆಲ್, ಬೆಳಿಗ್ಗೆ ಗಾಡಿ ಏಳಲ್ಲ: ಡೀಸೆಲ್ ಪಂಪ್ ಇಳಿಸುವ ಮುಂಚೆ ಯಾರಾದರೂ ಹೇಳಿ

ಕೊಬ್ಬರಿಗಾಡಿ, ತುಮಕೂರು – ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಆರು ಚಕ್ರದ ಲಾರಿ, ನಾನೇ ಓನರ್, ನಾನೇ ಡ್ರೈವರ್. ಆರು ಸಿಲಿಂಡರ್ ಟರ್ಬೊ ಎಂಜಿನ್. ಈಗಿನ ಕಾಮನ್ ರೇಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಡೀಸೆಲ್) ಅಲ್ಲ, ಸಿಲಿಂಡರಿಗೊಂದು ಪೈಪ್ ಇರುವ ಹಳೇ ಕಾಲದ ಉದ್ದ ಡೀಸೆಲ್ ಪಂಪಿನದು. ತಿಪಟೂರಿನ ಕೊಬ್ಬರಿ, ಇಲ್ಲಿನ ತೆಂಗಿನಕಾಯಿ, ಹೆಚ್ಚಾಗಿ ಚೆನ್ನೈ ಕಡೆ ಓಟ.

ಒಂದೂವರೆ ತಿಂಗಳಿಂದ ಡೀಸೆಲ್ ವಾಸನೆ. ಮೊದಲು ಕ್ಯಾಬಿನ್ನಿನಲ್ಲಿ ಮಾತ್ರ ಇತ್ತು. ಈಗ ಮನೆಗೆ ಹೋದರೆ ಮಗಳು ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಾಳೆ. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಮೇಲೆ ಯಾವಾಗಲೂ ಒದ್ದೆ. ಕೆಳಗೆ ಹನಿ ಬೀಳುತ್ತದೆ, ಆದರೆ ಜೋರಾಗಿ ಅಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿದುಹೋಗುತ್ತದೆ. ಒಮ್ಮೆ ಎದ್ದರೆ ದಿನಪೂರ್ತಿ ತಕರಾರಿಲ್ಲ. ಆವರೇಜ್ ಲೀಟರಿಗೆ 4.8 ಕಿ.ಮೀ ಬರುತ್ತಿದ್ದದ್ದು 4.3ಕ್ಕೆ ಇಳಿದಿದೆ.

ಮೆಕ್ಯಾನಿಕ್ ಎರಡು ಸಲ ತಾಮ್ರದ ವಾಷರ್ ಎಲ್ಲ ಬದಲಾಯಿಸಿದರು. ಫಿಲ್ಟರ್ ಎರಡೂ ಹೊಸದು. ಎರಡು ದಿನ ಒಣಗಿದಂತೆ ಕಂಡಿತು, ಮತ್ತೆ ಅದೇ ಕಥೆ. ಈಗ ಪಂಪ್ ಸೀಲ್ ಹೋಗಿದೆ, ಇಳಿಸಿ ಓವರ್‌ಹಾಲ್ ಮಾಡಿಸೋಣ ಅನ್ನುತ್ತಿದ್ದಾರೆ. ಹತ್ತಿರ ಹತ್ತಿರ 25 ಸಾವಿರ, ಮೇಲೆ ನಾಲ್ಕು ದಿನ ಗಾಡಿ ನಿಲ್ಲಬೇಕು. ಹಬ್ಬದ ಸಾಲು ಬರುತ್ತಿದೆ, ಕಾಯಿ ಲೋಡ್ ಸಿಗುವ ಕಾಲ. ದುಡ್ಡು ಹಾಕುವ ಮುಂಚೆ ನಾನೇ ಏನಾದರೂ ನೋಡಿಕೊಳ್ಳಬಹುದಾ?


ಹತ್ತುಚಕ್ರ, ಶಿರಾ – ಭಾನುವಾರ ರಾತ್ರಿ

ಗುರು, ನನ್ನ ಹಳೇ ಗಾಡಿಯಲ್ಲೂ ಸೇಮ್ ಆಗಿತ್ತು. ಪಂಪೇ. ಸುಮ್ನೆ ಮಾಡಿಸಿಬಿಡು, ನೆಮ್ಮದಿ.


ಹಳೇ ಪಾನಾ, ತುಮಕೂರು – ಸೋಮವಾರ ಬೆಳಿಗ್ಗೆ

ಸೇಮ್ ಅಂತ ನೋಡದೆ ಹೇಗೆ ಹೇಳಿದೆಯಪ್ಪ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ಈಗ ಮಂಡಿ ನೋವು, ಗಾಡಿ ಅಡಿಗೆ ನುಗ್ಗಲ್ಲ. ಬಾಯಿ ಮಾತ್ರ ನಡೆಯುತ್ತದೆ.

ಕೊಬ್ಬರಿಗಾಡಿ ಅಣ್ಣ, ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಹನಿ ಬೀಳುವ ಜಾಗ ಬೇರೆ, ಲೀಕ್ ಆಗುವ ಜಾಗ ಬೇರೆ. ಡೀಸೆಲ್ ನೀರಿನ ತರ ನೇರ ಕೆಳಗೆ ಬೀಳಲ್ಲ. ವೈರಿಂಗ್ ಪೈಪ್ ಹಿಡಿದುಕೊಂಡು ಹೋಗುತ್ತದೆ, ಬ್ರಾಕೆಟ್ ತಬ್ಬಿಕೊಂಡು ಇಳಿಯುತ್ತದೆ. ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಕೂತು ಹನಿಯುತ್ತದೆ. ಮೇಲಿನಿಂದ ಬರುವುದಕ್ಕೆಲ್ಲ ನಿಮ್ಮ ಎಂಜಿನ್ನಿನಲ್ಲಿ ಸೆಲ್ಫ್ ಮೋಟರ್ ಒಂದು ತಟ್ಟೆ ಇದ್ದ ಹಾಗೆ. ಹಾಗಾಗಿ ಕೆಳಗೆ ನೋಡಬೇಡಿ. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು, ಅದನ್ನು ಹುಡುಕಿ. ಮುಂದಿನದು ಯಾಕೆ ಅಂದರೆ ಓಡುವಾಗ ಫ್ಯಾನ್ ಗಾಳಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ.

ಮೂರು ಪ್ರಶ್ನೆ. ಒಂದು, ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಏರಿದೆಯಾ? ಎರಡು, ರಾತ್ರಿ ಗಾಡಿ ಯಾವ ಕಡೆಗೆ ಮುಖ ಮಾಡಿ ನಿಲ್ಲಿಸುತ್ತೀರಿ, ಏರಿಗೋ ಇಳಿಜಾರಿಗೋ? ಮೂರು, ಗೇರ್‌ಬಾಕ್ಸ್ ಮೇಲೆ ಒದ್ದೆ ಇದೆಯಾ?


ಕೊಬ್ಬರಿಗಾಡಿ – ಸೋಮವಾರ ಮಧ್ಯಾಹ್ನ

ಮೇಸ್ತ್ರಿಗಳೇ, ಈಗ ನೋಡಿ ಬಂದೆ. ಆಯಿಲ್ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗೇ ಇದೆ, ಏರಿಲ್ಲ. ಮೂಸಿ ನೋಡಿದೆ, ಡೀಸೆಲ್ ವಾಸನೆ ಇಲ್ಲ. ಬೆರಳಿಗೆ ಹಚ್ಚಿಕೊಂಡರೆ ಜಿಡ್ಡು ಸರಿಯಾಗೇ ಇದೆ.

ನಮ್ಮ ಮನೆ ಮುಂದಿನ ರಸ್ತೆ ಏರು. ಗಾಡಿ ಮೂತಿ ಮೇಲಕ್ಕೇ ಇರುತ್ತದೆ. ಈ ಪ್ರಶ್ನೆ ಯಾಕೆ ಕೇಳಿದಿರಿ ಗೊತ್ತಾಗಲಿಲ್ಲ.

ಗೇರ್‌ಬಾಕ್ಸ್ ಮೇಲೆ ಧೂಳು ಹಲ್ವಾ ತರ ಮೆತ್ತಿಕೊಂಡಿದೆ. ಬೆರಳು ಒತ್ತಿದರೆ ಗುಂಡಿ ಬೀಳುತ್ತದೆ.


ಕ್ಯಾತ್ಸಂದ್ರ ಹುಡುಗ – ಸೋಮವಾರ ಮಧ್ಯಾಹ್ನ

ಆಯಿಲ್ ಏರಿಲ್ಲ ಅಂದರೆ ಅರ್ಧ ಗಂಡಾಂತರ ಹೋಯಿತು ಅಣ್ಣ. ಪಂಪ್ ಒಳಗೆ ಡೀಸೆಲ್ ಒತ್ತುವ ಪ್ಲಂಜರ್ ಸವೆದಿದ್ದರೆ, ಇಲ್ಲ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಸೀಲ್ ಹೋಗಿದ್ದರೆ, ಡೀಸೆಲ್ ಪಂಪಿನ ಹೊಟ್ಟೆಗೆ ಇಳಿದು ಅಲ್ಲಿಂದ ಎಂಜಿನ್ ಆಯಿಲ್ ಚೇಂಬರಿಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣಲ್ಲ. ಆಯಿಲ್ ತೆಳ್ಳಗಾಗಿ ಬೇರಿಂಗ್ ತಿಂದುಹಾಕುತ್ತದೆ. ಹಾಗೇನಾದರೂ ಇದ್ದರೆ ಗಾಡಿ ಓಡಿಸಲೇ ಬಾರದು.

ನಾನು ಡೀಸೆಲ್ ಪಂಪ್ ರಿಪೇರಿ ಮಾಡುವ ಪಂಪ್ ರೂಮಿನಲ್ಲೇ ಕೆಲಸ ಮಾಡುವವನು. ನಮ್ಮಲ್ಲಿಗೆ ಇಳಿಸಿಕೊಂಡು ಬರುವ ಪಂಪುಗಳಲ್ಲಿ ಎಷ್ಟೋ ಟೆಸ್ಟ್ ಮಾಡುವ ಬೆಂಚ್ ಮೇಲೆ ಹಾಕಿದರೆ ಏನೂ ಆಗಿರಲ್ಲ. ಆದರೂ ಬಿಚ್ಚಿದ ಮೇಲೆ ಕಿಟ್ ಹಾಕಲೇಬೇಕು, ಬಿಲ್ ಆಗಲೇಬೇಕು. ನಮ್ಮ ಓನರ್ ಇದನ್ನು ಓದದಿದ್ದರೆ ಸಾಕು.


ಲೆಕ್ಕದಮ್ಮ, ಗುಬ್ಬಿ – ಸೋಮವಾರ ಸಂಜೆ

ನನಗೆ ಎಂಜಿನ್ ಗೊತ್ತಿಲ್ಲ, ಲೆಕ್ಕ ಗೊತ್ತು. ನಮ್ಮನೆಯ ಎರಡು ಲಾರಿಗಳ ಪುಸ್ತಕ ನಾನೇ ಬರೆಯುವುದು.

400 ಕಿ.ಮೀ ಓಟಕ್ಕೆ 4.8ರಂತೆ 83 ಲೀಟರ್ ಬೇಕು. 4.3ರಂತೆ 93. ಅಂದರೆ ಒಂದು ಓಟಕ್ಕೆ ಹತ್ತು ಲೀಟರ್ ಎಲ್ಲೋ ಹೋಗುತ್ತಿದೆ. ಇವತ್ತಿನ ರೇಟಿನಲ್ಲಿ ಒಂಬೈನೂರು ರೂಪಾಯಿ ಮೇಲೆ. ಓಟ ಹತ್ತು ಗಂಟೆ ಅಂದುಕೊಂಡರೆ ಗಂಟೆಗೆ ಒಂದು ಲೀಟರ್. ನೀವು ಹೇಳುವ "ಜೋರಾಗಿ ಅಲ್ಲದ ಹನಿ" ಗಂಟೆಗೆ ಒಂದು ಲೀಟರ್ ಆಗುತ್ತದಾ? ಒಂದು ಬಾಟಲಿ ಇಟ್ಟು ಅಳೆಯಿರಿ ಅಣ್ಣ. ಹನಿ ಎಣಿಸಬೇಡಿ, ಡೀಸೆಲ್ ಹನಿ ನೀರಿನ ಹನಿಗಿಂತ ಚಿಕ್ಕದು, ಲೆಕ್ಕ ತಪ್ಪುತ್ತದೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಮೂರು ವರ್ಷದ ಹಿಂದೆ ನಮ್ಮ ಒಂದು ಗಾಡಿ ಆವರೇಜ್ ಹೀಗೇ ಬಿದ್ದಿತ್ತು. ಡ್ರೈವರ್ ದಾರಿಯಲ್ಲಿ ಡೀಸೆಲ್ ಮಾರುತ್ತಿದ್ದಾನೆ ಅಂತ ಮನೆಯಲ್ಲೆಲ್ಲ ಮಾತು. ನಾನೂ ಎರಡು ಮಾತು ಅಂದೆ. ಅವನು ಕೆಲಸ ಬಿಟ್ಟು ಹೋದ. ಆಮೇಲೆ ನೋಡಿದರೆ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪು ಚಾಸಿ ಮೇಲೆ ಉಜ್ಜಿ ತೂತಾಗಿತ್ತು. ಗಾಡಿ ಓಡಿದಷ್ಟು ಹೊತ್ತು ಸುರಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ನಿಂತ ಗಾಡಿ ಅಡಿಯಲ್ಲಿ ಏನು ಕಾಣುತ್ತದೆ? ಫೋನ್ ಮಾಡಿ ಕ್ಷಮೆ ಕೇಳಿದೆ. ಪರವಾಗಿಲ್ಲ ಅಕ್ಕ ಅಂದ. ವಾಪಸ್ ಬರಲಿಲ್ಲ.


ಕೊಬ್ಬರಿಗಾಡಿ – ಮಂಗಳವಾರ ಬೆಳಿಗ್ಗೆ

ಅಕ್ಕ, ನೀವು ಹೇಳಿದ ಹಾಗೆ ಮಾಡಿದೆ. ನೀರಿನ ಬಾಟಲಿ ಕತ್ತರಿಸಿ ಸೆಲ್ಫ್ ಕೆಳಗೆ ಕಟ್ಟಿದೆ. ಅರ್ಧ ಗಂಟೆ ಗಾಡಿ ನಿಂತಲ್ಲೇ ಸ್ಟಾರ್ಟ್ ಇಟ್ಟೆ. ಮಕ್ಕಳಿಗೆ ಔಷಧಿ ಕುಡಿಸುವ ಮುಚ್ಚಳದಲ್ಲಿ ಅಳೆದೆ, 5 ಎಂಎಲ್ ಕೂಡ ಇಲ್ಲ. ಗಂಟೆಗೆ 10 ಎಂಎಲ್ ಅಂದುಕೊಂಡರೂ ದಿನಕ್ಕೆ ಒಂದು ಲೋಟ ಆಗಲ್ಲ. ಹಾಗಾದರೆ ಹತ್ತು ಲೀಟರ್ ಎಲ್ಲಿ?


ಹಳೇ ಪಾನಾ – ಮಂಗಳವಾರ ಬೆಳಿಗ್ಗೆ

ಲೆಕ್ಕದಮ್ಮ, ನಿಮ್ಮನ್ನು ಯಾರಾದರೂ ಗ್ಯಾರೇಜಿಗೆ ಸೇರಿಸಿಕೊಳ್ಳಬೇಕು.

ಉತ್ತರ ಗೇರ್‌ಬಾಕ್ಸ್ ಮೇಲಿನ ಹಲ್ವಾದಲ್ಲಿದೆ. ಡೀಸೆಲ್ ಅಲ್ಲಿವರೆಗೆ ಹೋಗಿ ಕೂತಿದೆ ಅಂದರೆ ಅದು ಹನಿದು ಹೋದದ್ದಲ್ಲ, ಚಿಮ್ಮಿ ಹೋದದ್ದು. ನಿಂತಾಗ ಚಿಮ್ಮುತ್ತಿಲ್ಲ, ಲೋಡ್ ಎಳೆಯುವಾಗ ಚಿಮ್ಮುತ್ತಿದೆ. ಪಂಪಿನಿಂದ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗೆ ಹೋಗುವ ಆರು ಉಕ್ಕಿನ ಪೈಪುಗಳ ಕಡೆ ನನ್ನ ಅನುಮಾನ.

ಯಾಕೆ ಅಂದರೆ, ಲಾರಿ ಟೈರಿಗೆ ನೀವು ಹಾಕಿಸುವ ಗಾಳಿ 110 ಪೌಂಡ್, ಅಂದರೆ ಏಳೂವರೆ ಬಾರ್. ಈ ಎಂಜಿನ್ನಿನಲ್ಲಿ ನಾಜಲ್ ಬಾಯಿ ತೆರೆಯುವುದಕ್ಕೇ 200 ಬಾರ್ ಆಸುಪಾಸು ಬೇಕು. ಲೋಡ್ ಎಳೆಯುವಾಗ ಪೈಪಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ಕೂದಲೆಳೆ ಬಿರುಕಿದ್ದರೆ ನಿಂತಲ್ಲಿ ಬೆವರುತ್ತದೆ, ಏರಿನಲ್ಲಿ ಪಿಚಕಾರಿ ಆಗುತ್ತದೆ.

ಫಿಲ್ಟರ್, ಫೀಡ್ ಲೈನ್, ರಿಟರ್ನ್ ಲೈನ್ ಕಡೆ ಈ ಒತ್ತಡ ಇಲ್ಲ. ಅಲ್ಲಿ ಲೀಕ್ ಆದರೆ ನಿಂತಾಗಲೂ ಓಡುವಾಗಲೂ ಹೆಚ್ಚುಕಡಿಮೆ ಒಂದೇ ತರ ಹನಿಯುತ್ತದೆ.


ಹತ್ತುಚಕ್ರ – ಮಂಗಳವಾರ ಮಧ್ಯಾಹ್ನ

ಸರಿ ಮೇಸ್ತ್ರಿ, ಸೋತೆ. ಆದರೆ ಬಿರುಕು ಅಂದರೆ ಎಂ-ಸೀಲ್ ಹಚ್ಚಿದರೆ ಆಯಿತಲ್ವಾ? ಟ್ಯಾಂಕ್ ತೂತಾದಾಗ ಬಟ್ಟೆ ಸೋಪು ಉಜ್ಜಿ ಹೊಸಪೇಟೆವರೆಗೆ ಹೋಗಿದ್ದೀನಿ ನಾನು.


ಹಳೇ ಪಾನಾ – ಮಂಗಳವಾರ ಮಧ್ಯಾಹ್ನ

ಟ್ಯಾಂಕಿಗೆ ಸೋಪು ಒಳ್ಳೇ ಉಪಾಯ, ನಾನೂ ಮಾಡಿದ್ದೀನಿ. ಡೀಸೆಲ್‌ಗೆ ಸೋಪು ಕರಗಲ್ಲ, ದಾರಿ ಸಾಗುತ್ತದೆ. ಅಲ್ಲಿ ಒತ್ತಡ ಇಲ್ಲ. ಪಂಪಿನ ಪೈಪಿಗೆ ಎಂ-ಸೀಲ್ ಹಚ್ಚುವುದು ಅಂದರೆ ಒಡೆದ ಕೆರೆ ಕೋಡಿಗೆ ಕರ್ಚೀಫ್ ಅಡ್ಡ ಇಟ್ಟ ಹಾಗೆ. ವೆಲ್ಡಿಂಗೂ ಬೇಡ. ಒಳಗೆ ಬಿದ್ದ ಕಣ ನಾಜಲ್‌ಗೆ ಹೋಗಿ ಸಿಕ್ಕಿಕೊಂಡರೆ ಇನ್ನೊಂದು ಖರ್ಚು.

ಎಲ್ಲರೂ ಕೇಳಿಸಿಕೊಳ್ಳಿ, ಇದು ತಮಾಷೆ ಅಲ್ಲ. ಆ ಪೈಪುಗಳ ಮೇಲೆ, ಎಂಜಿನ್ ಓಡುವಾಗ, ಲೀಕ್ ಎಲ್ಲಿದೆ ಅಂತ ಕೈ ಆಡಿಸಿ ನೋಡಬೇಡಿ. ಆ ಒತ್ತಡದಲ್ಲಿ ಡೀಸೆಲ್ ಸೂಜಿ ತರ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟು ಗುರುತು, ಮೊದಲು ನೋವೂ ಇರಲ್ಲ. ಒಳಗೆ ಕೊಳೆಯುತ್ತದೆ. ಬೆರಳು ಹೋಗುತ್ತದೆ, ಕೈ ಹೋಗುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ. ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಸಣ್ಣ ಗಾಯ ಅಂತ ಪಟ್ಟಿ ಹಾಕಿ ಕಳಿಸುವುದೂ ಉಂಟು. ನೋಡಲೇಬೇಕು ಅಂದರೆ ರಟ್ಟಿನ ತುಂಡು ಉದ್ದ ಕಡ್ಡಿಗೆ ಕಟ್ಟಿ ಅಡ್ಡ ಹಿಡಿಯಿರಿ.


ಟೊಮೆಟೊ ಟ್ರಿಪ್, ಕೋಲಾರ – ಮಂಗಳವಾರ ಸಂಜೆ

ನಮ್ಮದು ಬಿಎಸ್6 (ಹೊಸ ಹೊಗೆ ನಿಯಮದ) ಕಾಮನ್ ರೇಲ್ ಗಾಡಿ, ಕೋಲಾರ ಎಪಿಎಂಸಿಯಿಂದ ಟೊಮೆಟೊ ಬಾಕ್ಸ್ ಹೊಡೆಯುತ್ತೇವೆ. ಅರ್ಧ ದಿನ ನಿಂತರೆ ಮಾಲು ರಸವಾಗುತ್ತದೆ. ಅದಕ್ಕೆ ಏನಾದರೂ ಆದರೆ ದಾರಿಯಲ್ಲೇ ನಟ್ ಸಡಿಲ ಮಾಡಿ ಏರ್ ತೆಗೆದು ಹೊರಡುವುದು ಹಳೇ ಅಭ್ಯಾಸ. ಹೊಸ ಗಾಡಿಯಲ್ಲೂ ಹಾಗೇ ಮಾಡಬಹುದಾ?


ಕ್ಯಾತ್ಸಂದ್ರ ಹುಡುಗ – ಮಂಗಳವಾರ ಸಂಜೆ

ಬೇಡ ಅಣ್ಣ, ಬೇಡವೇ ಬೇಡ. ಹಳೇ ಪಂಪಿನಲ್ಲಿ ನಾಜಲ್ ನಟ್ ಒಂದೊಂದೇ ಸಡಿಲ ಮಾಡಿ, ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅಂತ ನೋಡುತ್ತಾರೆ, ಹುಷಾರಾಗಿ. ಕಾಮನ್ ರೇಲಿನಲ್ಲಿ 1,600 ಬಾರ್, ಅದಕ್ಕೂ ಮೇಲೆ. ಎಂಜಿನ್ ಓಡುವಾಗ ನಟ್ ಮುಟ್ಟುವ ಮಾತೇ ಇಲ್ಲ. ಆಫ್ ಮಾಡಿದ ಮೇಲೂ ಒತ್ತಡ ಪೂರ್ತಿ ಇಳಿಯಲು ಟೈಮ್ ಕೊಡಬೇಕು. ಅದರಲ್ಲಿ ಲೀಕ್ ನೋಡುವ ರೀತಿಯೇ ಬೇರೆ. ಸ್ಕ್ಯಾನರ್ ಹಾಕಿ ರೇಲ್ ಪ್ರೆಶರ್ ನೋಡುತ್ತಾರೆ. ಪ್ರತಿ ಇಂಜೆಕ್ಟರ್ ರಿಟರ್ನ್‌ಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ, ಯಾವುದು ಬೇಗ ತುಂಬುತ್ತದೆ ಅಂತ ನೋಡುತ್ತಾರೆ. ಬೇಗ ತುಂಬಿದ್ದು ಒಳಗೆ ಸೋರುತ್ತಿದೆ ಅಂತ ಅರ್ಥ. ಹೊರಗೆ ಹನಿ ಇಲ್ಲದೆಯೇ ಗಾಡಿ ಸ್ಟಾರ್ಟ್ ಆಗದೇ ಇರುವುದು ಹೀಗೆ.


ಸುಮ್ನೆ ಓದ್ತೀನಿ – ಮಂಗಳವಾರ ರಾತ್ರಿ

ಲಾರಿ ಇಲ್ಲ ನನಗೆ, ಆದರೂ ಓದುತ್ತಿದ್ದೇನೆ. ಒಂದು ಪ್ರಶ್ನೆ. ಡೀಸೆಲ್‌ಗೆ ಬೆಂಕಿ ಹತ್ತಲ್ಲ ಅಂತಾರಲ್ಲ, ಹಾಗಾದರೆ ಲೀಕ್ ಇಟ್ಟುಕೊಂಡು ಓಡಿಸಿದರೆ ದುಡ್ಡು ಬಿಟ್ಟು ಬೇರೇನು ನಷ್ಟ?


ಕ್ಯಾತ್ಸಂದ್ರ ಹುಡುಗ – ಮಂಗಳವಾರ ರಾತ್ರಿ

ಬಕೆಟ್ಟಿನಲ್ಲಿರುವ ಡೀಸೆಲ್‌ಗೆ ಬೆಂಕಿಕಡ್ಡಿ ಹಾಕಿದರೆ ಪೆಟ್ರೋಲ್ ತರ ಭಗ್ ಅನ್ನಲ್ಲ, ನಿಜ. ಮಂಜಿನ ತರ ಚಿಮ್ಮಿದ ಡೀಸೆಲ್ ಬೇರೆ. ಬಿಸಿ ಟರ್ಬೊ ಮೇಲೋ ಎಕ್ಸಾಸ್ಟ್ ಮೇಲೋ ಬಿದ್ದರೆ ಕಡ್ಡಿಯೇ ಬೇಡ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಇನ್ನೂರು ಚಿಲ್ಲರೆ ಡಿಗ್ರಿ ಸಾಕು, ಏರು ಹತ್ತುವಾಗ ಟರ್ಬೊ ಅದಕ್ಕಿಂತ ಎಷ್ಟೋ ಬಿಸಿ. ಜೊತೆಗೆ ರಬ್ಬರ್. ರೇಡಿಯೇಟರ್ ಹೋಸ್, ಎಂಜಿನ್ ಮೌಂಟಿಂಗ್ ಎಲ್ಲ ಡೀಸೆಲ್ ಕುಡಿದು ಉಬ್ಬುತ್ತವೆ. ಸೆಲ್ಫ್ ಮೋಟರ್ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ.


ಕೊಬ್ಬರಿಗಾಡಿ – ಬುಧವಾರ ಸಂಜೆ

ಬೆಂಕಿ ಮಾತು ಓದಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎಂಜಿನ್ ವಾಷ್ ಮಾಡಿಸಿ, ಕಂಪ್ರೆಸರ್ ಗಾಳಿಯಲ್ಲಿ ಒಣಗಿಸಿದೆ. ಒಬ್ಬರು ಹೇಳಿದರು ಅಂತ ಮುಖಕ್ಕೆ ಹಾಕುವ ಪೌಡರ್ ಪೂರ್ತಿ ಡಬ್ಬಿ ಉದುರಿಸಿದೆ, ಪೈಪು, ನಟ್ಟು, ಪಂಪು ಎಲ್ಲದಕ್ಕೂ. ಎಂಜಿನ್ ಮದುವೆಗೆ ಹೊರಟ ಹಾಗೆ ಕಾಣುತ್ತಿತ್ತು. ಇಪ್ಪತ್ತು ನಿಮಿಷ ಸ್ಟಾರ್ಟ್ ಇಟ್ಟೆ. ಎಲ್ಲೂ ಒದ್ದೆ ಗೆರೆ ಬರಲಿಲ್ಲ. ಪಂಪಿನ ಮೈ ಕೂಡ ಬೆಳ್ಳಗೇ ಇದೆ. ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ತಲೆ ಕೆರೆದುಕೊಂಡು, ಹಾಗಾದರೆ ಪಂಪ್ ಅಲ್ಲ ಬಿಡಿ ಅಂದರು. 25 ಸಾವಿರ ಸದ್ಯಕ್ಕೆ ಜೇಬಿನಲ್ಲೇ ಇದೆ. ಆದರೆ ಲೀಕ್ ಸಿಗಲಿಲ್ಲವಲ್ಲ?


ಹಳೇ ಪಾನಾ – ಬುಧವಾರ ರಾತ್ರಿ

ನಿಂತಲ್ಲಿ ಸಿಗಲ್ಲ ಅಂತ ಮೊದಲೇ ಹೇಳಿದ್ದೆನಲ್ಲ. ಓಡಿಸಿ ಹಿಡಿಯಬೇಕು. ಓಡಿಸಿದರೆ ಪೌಡರ್ ಹಾರಿಹೋಗುತ್ತದೆ.

ಹೀಗೆ ಮಾಡಿ. ಹಳೇ ಬಿಳಿ ಪಂಚೆ ಒಂದನ್ನು ಎರಡು ಬೆರಳಗಲ ಪಟ್ಟಿ ಹರಿಯಿರಿ. ಆರು ಪೈಪು, ಪಂಪ್ ಕಡೆ ಆರು ನಟ್ಟು, ನಾಜಲ್ ಕಡೆ ಆರು. ಹನ್ನೆರಡಕ್ಕೂ ಒಂದೊಂದು ಪಟ್ಟಿ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಪೆನ್ನಿನಲ್ಲಿ ನಂಬರ್ ಬರೆಯಿರಿ. ತುದಿ ನೇತಾಡಬಾರದು, ಫ್ಯಾನ್ ಬೆಲ್ಟಿಗೆ ಸಿಕ್ಕಬಾರದು. ಬಿಸಿ ಎಕ್ಸಾಸ್ಟ್ ಎಂಜಿನ್ನಿನ ಇನ್ನೊಂದು ಕಡೆ ಇದೆ, ಆ ಕಡೆಗೆ ಬಟ್ಟೆ ಹೋಗಲೇಬಾರದು. ಆಮೇಲೆ ಲೋಡ್ ಹಾಕಿಕೊಂಡು ಬಿ.ಎಚ್. ರಸ್ತೆಯಲ್ಲಿ ಗುಬ್ಬಿವರೆಗೆ ಹೋಗಿ ಬನ್ನಿ. ಮಧ್ಯೆ ಎರಡು ಸಲ ನಿಲ್ಲಿಸಿ ನೋಡಿ. ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಆಮೇಲೆ ಮುಟ್ಟಿ. ಪಕ್ಕದ ಸೀಟಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.


ಲೆಕ್ಕದಮ್ಮ – ಬುಧವಾರ ರಾತ್ರಿ

ಗುಬ್ಬಿಗೆ ಬಂದರೆ ಕಾಫಿಗೆ ಬನ್ನಿ ಅಣ್ಣ. ಬಟ್ಟೆ ನಾನೂ ನೋಡಬೇಕು.


ಕೊಬ್ಬರಿಗಾಡಿ – ಶುಕ್ರವಾರ ಬೆಳಿಗ್ಗೆ

ಸಿಕ್ಕಿತು!

ನಿನ್ನೆ ಕಾಯಿ ಲೋಡ್ ಮಾಡಿಕೊಂಡು ಗುಬ್ಬಿ ಕಡೆ ಹೋದೆ. ಆರು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಬಾನೆಟ್ ತೆಗೆದೆ. ಹನ್ನೊಂದು ಪಟ್ಟಿ ಒಣ. ನಾಲ್ಕನೇ ಪೈಪಿನ ಪಂಪ್ ಕಡೆಯ ಪಟ್ಟಿ ಮಾತ್ರ ಹಿಂಡಿದರೆ ಡೀಸೆಲ್ ಇಳಿಯುವಷ್ಟು ನೆನೆದಿತ್ತು. ಅದರ ಕೆಳಗೆ ವೈರಿಂಗ್ ಪೈಪ್ ಹಾದುಹೋಗುತ್ತದೆ. ಡೀಸೆಲ್ ಅದರ ಬೆನ್ನ ಮೇಲೆ ಒಂದು ಮೊಳ ಹಿಂದಕ್ಕೆ ಹರಿದು, ಸರಿಯಾಗಿ ಸೆಲ್ಫ್ ನೆತ್ತಿ ಮೇಲೆ ಬೀಳುತ್ತಿತ್ತು. ಮನೆ ಹಂಚಿನ ತಗಡಿನಲ್ಲಿ ಮಳೆನೀರು ಹರಿದ ಹಾಗೆ. ವಾಪಸ್ ಬಂದುಬಿಟ್ಟೆ. ಲೆಕ್ಕದಮ್ಮ ಅಕ್ಕ, ಕಾಫಿ ಬಾಕಿ.

ನಟ್ ಬಿಚ್ಚಿ ಪೈಪ್ ತೆಗೆದೆವು. ಬರಿಗಣ್ಣಿಗೆ ಏನೂ ಕಾಣಲ್ಲ. ಹೊಳೆಯುತ್ತಿದೆ, ಹೊಸದರ ಹಾಗಿದೆ. ಮೆಕ್ಯಾನಿಕ್ ಹತ್ತಿರ ಒಬ್ಬ ವಯಸ್ಸಾದ ಟರ್ನರ್ ಇದ್ದಾರೆ. ಅವರು ಪೈಪನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಬಳಪ ಉಜ್ಜಿ ಬಿಳಿ ಮಾಡಿ, ಟೀ ಕುಡಿದು ಬನ್ನಿ ಅಂದರು. ಬಂದು ನೋಡಿದರೆ ಕಾಲರ್ ಕೆಳಗೆ ಬಿಳಿ ಮೇಲೆ ಒಂದು ಕಪ್ಪು ಗೆರೆ, ರೆಪ್ಪೆ ಕೂದಲಿನಷ್ಟು ತೆಳು, ಅರ್ಧ ಸುತ್ತು. ಬಿರುಕಿನೊಳಗೆ ಕೂತಿದ್ದ ಎಣ್ಣೆ ಹೊರಗೆ ಬಂದು ಬಳಪ ತೋಯಿಸಿತ್ತು.


ಹಳೇ ಪಾನಾ – ಶುಕ್ರವಾರ ಬೆಳಿಗ್ಗೆ

ಆ ಟರ್ನರ್‌ಗೆ ನನ್ನ ನಮಸ್ಕಾರ ಹೇಳಿ. ಬಳಪದ ಪರೀಕ್ಷೆ ಗೊತ್ತಿರುವವರು ಕಡಿಮೆಯಾದರು.

ಈಗ ಪೈಪ್ ಬದಲಾಯಿಸಿ ಕೈ ತೊಳೆದುಕೊಳ್ಳಬೇಡಿ. ಉಕ್ಕಿನ ಪೈಪ್ ಸುಮ್ನೆ ಬಿರುಕು ಬಿಡಲ್ಲ. ಅದುರಿ ಅದುರಿ ಬಿಡುತ್ತದೆ. ಪೈಪುಗಳನ್ನು ಜೋಡಿಯಾಗಿ ಹಿಡಿಯುವ ರಬ್ಬರ್ ಹಾಕಿದ ಕ್ಲಾಂಪ್ ಇರುತ್ತದೆ. ಮೂರು, ನಾಲ್ಕರ ಮಧ್ಯೆ ಅದು ಇದೆಯಾ ನೋಡಿ.


ಕೊಬ್ಬರಿಗಾಡಿ – ಶುಕ್ರವಾರ ಮಧ್ಯಾಹ್ನ

ಇಲ್ಲ. ಎಲ್ಲಿದೆ ಗೊತ್ತಾ? ನನ್ನ ಟೂಲ್ ಬಾಕ್ಸಿನಲ್ಲಿ, ಸ್ಕ್ರೂ ಸಮೇತ, ಪೇಪರಿನಲ್ಲಿ ಸುತ್ತಿಕೊಂಡು! ಕಳೆದ ವರ್ಷ ಎಂಜಿನ್ ಹೆಡ್ ಇಳಿಸಿದಾಗ ಉಳಿದ ಸಾಮಾನು. "ಇದು ಎಕ್ಸ್‌ಟ್ರಾ, ಇಟ್ಟುಕೊಳ್ಳಿ" ಅಂದಿದ್ದರು. ನಾನೂ ಒಳ್ಳೇ ಸಾಮಾನು, ಯಾವತ್ತಾದರೂ ಬೇಕಾಗುತ್ತದೆ ಅಂತ ಇಟ್ಟಿದ್ದೆ.


ಹತ್ತುಚಕ್ರ – ಶುಕ್ರವಾರ ಮಧ್ಯಾಹ್ನ

ಬೇಕಾಯಿತಲ್ಲ ಗುರು!


ಕ್ಯಾತ್ಸಂದ್ರ ಹುಡುಗ – ಶುಕ್ರವಾರ ಸಂಜೆ

ಹೊಸ ಪೈಪ್ ತರುವಾಗ ನಾಲ್ಕನೇ ಸಿಲಿಂಡರಿನದೇ ತನ್ನಿ. ಐದನೆಯದನ್ನು ಬಗ್ಗಿಸಿ ಕೂರಿಸುತ್ತೇನೆ ಅಂದರೆ ಒಪ್ಪಬೇಡಿ. ಆರು ಪೈಪಿನ ಉದ್ದ ಒಂದೇ ಇರಬೇಕು. ಅದಕ್ಕೇ ಹತ್ತಿರದ ಪೈಪುಗಳನ್ನು ಸುತ್ತಿ ಬಳಸಿ ಬಗ್ಗಿಸಿರುತ್ತಾರೆ. ಉದ್ದ ಹೆಚ್ಚುಕಡಿಮೆ ಆದರೆ ಆ ಸಿಲಿಂಡರ್‌ಗೆ ಡೀಸೆಲ್ ಸಿಗುವ ಟೈಮ್ ಕೂಡ ಹೆಚ್ಚುಕಡಿಮೆ ಆಗುತ್ತದೆ.

ಕೂರಿಸುವಾಗ ಎರಡೂ ಕಡೆ ನಟ್ ಮೊದಲು ಕೈಯಲ್ಲೇ ಪೂರ್ತಿ ಓಡಬೇಕು. ಆಮೇಲೆ ಪಾನಾ. ಪೈಪನ್ನು ಎಳೆದು ಕೂರಿಸಿದರೆ ಆ ಎಳೆತವೇ ಮುಂದಿನ ಬಿರುಕು. ಕ್ಲಾಂಪ್ ಕೊನೆಗೆ ಬಿಗಿಮಾಡಿ. ರಬ್ಬರ್ ಗಟ್ಟಿಯಾಗಿದ್ದರೆ ಹೊಸದು ಹಾಕಿ.


ಸುಮ್ನೆ ಓದ್ತೀನಿ – ಶುಕ್ರವಾರ ರಾತ್ರಿ

ಹಳೇ ರಬ್ಬರ್ ಅಂದಾಗ ನೆನಪಾಯಿತು. ಅಮೆರಿಕದಲ್ಲಿ 1993ರಲ್ಲಿ ಡೀಸೆಲ್‌ನಲ್ಲಿ ಗಂಧಕ ಕಡಿಮೆ ಮಾಡಿದಾಗ ಹಳೇ ಗಾಡಿಗಳ ಪಂಪಿನ ರಬ್ಬರ್ ಸೀಲ್‌ಗಳು ಕುಗ್ಗಿ ಲೀಕ್ ಆಗಿದ್ದವು ಅಂತ ಓದಿದ್ದೆ. ನಮ್ಮಲ್ಲೂ 2020ರ ಏಪ್ರಿಲ್‌ನಿಂದ ಬಿಎಸ್6 ಡೀಸೆಲ್ ಬಂತಲ್ಲ, ಗಂಧಕ 10 ಪಿಪಿಎಂ. ಅದೂ ಕಾರಣ ಇರಬಹುದಾ?


ಹಳೇ ಪಾನಾ – ಶುಕ್ರವಾರ ರಾತ್ರಿ

ಉಕ್ಕಿನ ಪೈಪಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಹಳೇ ಪಂಪಿನ ಓ ರಿಂಗ್ ವಿಷಯಕ್ಕೆ ಒಳ್ಳೇ ಮಾತು. ಈಗ ಹಾಕುವಾಗ ವಿಟಾನ್ ರಬ್ಬರಿನದು ಕೇಳಿ ಹಾಕಿಸಿದರೆ ವಾಸಿ. ಲಾರಿ ಇಲ್ಲದವರು ಇಷ್ಟು ಓದುತ್ತೀರಿ, ಲಾರಿ ಇರುವ ನಾವು ಟೂಲ್ ಬಾಕ್ಸ್ ಕೂಡ ತೆಗೆದು ನೋಡಲ್ಲ.

ನಾವು ಹಳಬರು ಇದನ್ನು ಈಗಲೂ ಮೈಕೋ ಪಂಪು ಅಂತಲೇ ಅನ್ನುತ್ತೇವೆ. 1951ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿ. 2008ರಲ್ಲಿ ಹೆಸರು ಬಾಷ್ ಆಯಿತು. ಹೆಸರು ಬದಲಾದರೂ ಬಾಯಿ ಬದಲಾಗಲಿಲ್ಲ.


ಕೊಬ್ಬರಿಗಾಡಿ – ಭಾನುವಾರ ಬೆಳಿಗ್ಗೆ

ಹೊಸ ಪೈಪು, ಹಳೇ ಕ್ಲಾಂಪು, ಹೊಸ ರಬ್ಬರು. ಎಲ್ಲ ಸೇರಿ ಸಾವಿರದೊಳಗೆ ಆಯಿತು. ನಿನ್ನೆ ಲೋಡ್ ಓಡಿಸಿದೆ, ಹನ್ನೆರಡೂ ಪಟ್ಟಿ ಒಣ. ವಾಸನೆ ಹೋಯಿತು.

ಆದರೆ ಇವತ್ತು ಬೆಳಿಗ್ಗೆ ಗಾಡಿ ಮತ್ತೆ ಏಳಲಿಲ್ಲ. ಅದೇ ಕಾಟ. ಕೈಯಲ್ಲಿ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್ ಮೂವತ್ತು ಸಲ ಒತ್ತಿದ ಮೇಲೆ ಎದ್ದಿತು. ಮೇಸ್ತ್ರಿಗಳೇ, ತಪ್ಪು ಎಲ್ಲಿ?


ಹಳೇ ಪಾನಾ – ಭಾನುವಾರ ಬೆಳಿಗ್ಗೆ

ತಪ್ಪಿಲ್ಲ. ನಿಮಗಿರುವುದು ಎರಡು ಕಾಯಿಲೆ. ಒಂದೇ ಅಂದುಕೊಂಡಿದ್ದಿರಿ. ಗಾಡಿ ಯಾವ ಕಡೆ ಮುಖ ಮಾಡಿ ನಿಲ್ಲಿಸುತ್ತೀರಿ ಅಂತ ಕೇಳಿದ್ದು ಇದಕ್ಕೇ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಅನ್ನು ಎಳೆದುಕೊಳ್ಳುತ್ತದೆ, ತಳ್ಳುವುದಿಲ್ಲ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ. ಹನಿ ಇಲ್ಲ, ವಾಸನೆ ಇಲ್ಲ. ರಾತ್ರಿ ನಿಂತಾಗ ಆ ತೂತಿನಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರುತ್ತದೆ. ಮೂತಿ ಮೇಲಿದ್ದರೆ ಬೇಗ ಜಾರುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದ ದಿನ ಕಾಟ ಜಾಸ್ತಿ ಅಲ್ವಾ? ಇವತ್ತು ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ.


ಕೊಬ್ಬರಿಗಾಡಿ – ಸೋಮವಾರ ಬೆಳಿಗ್ಗೆ

ಟ್ಯಾಂಕ್ ಕಡಿಮೆ ಇದ್ದಾಗ ಜಾಸ್ತಿ, ಹೌದು! ಗಮನಿಸಿಯೇ ಇರಲಿಲ್ಲ. ನಿನ್ನೆ ಪೆಟ್ರೋಲ್ ಬಂಕ್ ಪಕ್ಕ ಸಮತಟ್ಟಿನಲ್ಲಿ ನಿಲ್ಲಿಸಿದೆ. ಇವತ್ತು ಎರಡನೇ ಸೆಲ್ಫ್‌ಗೆ ಎದ್ದಿತು.


ಕ್ಯಾತ್ಸಂದ್ರ ಹುಡುಗ – ಸೋಮವಾರ ಬೆಳಿಗ್ಗೆ

ಈಗ ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಮಧ್ಯೆ ಒಂದು ಅಡಿ ಒಳಗೆ ಕಾಣುವ ಪ್ಲಾಸ್ಟಿಕ್ ಪೈಪ್ ಸೇರಿಸಿ ಕ್ಲಿಪ್ ಬಿಗಿಮಾಡಿ. ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ಓಡುತ್ತಿದ್ದರೆ ಅದಕ್ಕಿಂತ ಹಿಂದೆ, ಟ್ಯಾಂಕ್ ಕಡೆಗೆ ತೂತಿದೆ. ಗುಳ್ಳೆ ಇಲ್ಲ ಅಂದರೆ ಹ್ಯಾಂಡ್ ಪ್ರೈಮರಿನ ಸೀಲ್ ಮೇಲೆ ಅನುಮಾನ. ಆಮೇಲೆ ಆ ಪೈಪನ್ನು ನೇರ ಒಂದು ಡೀಸೆಲ್ ಕ್ಯಾನಿಗೆ ಬಿಡಿ. ಗುಳ್ಳೆ ನಿಂತರೆ ಖಾತ್ರಿ ಆಯಿತು.


ಕೊಬ್ಬರಿಗಾಡಿ – ಮಂಗಳವಾರ ರಾತ್ರಿ

ಗುಳ್ಳೆ ಸಾಲು ಸಾಲಾಗಿ ಓಡಿದವು, ಸೋಡಾ ಬಾಟಲಿ ತರ. ಕ್ಯಾನಿಗೆ ಬಿಟ್ಟೆ, ನಿಂತುಹೋದವು. ಪೈಪ್ ಹಿಡಿದು ಟ್ಯಾಂಕಿನ ಕಡೆಗೆ ತೆವಳಿದೆ. ಚಾಸಿಗೆ ಪೈಪ್ ಕಟ್ಟಿದ ತಗಡಿನ ಕ್ಲಿಪ್ ಬಿಚ್ಚಿದರೆ, ಅದರ ಅಡಿಯಲ್ಲೇ ರಬ್ಬರ್ ಬಿಸಿಲಿಗೆ ಒಣಗಿದ ಕೆರೆ ಮಣ್ಣಿನ ಹಾಗೆ ಬಿರಿದಿತ್ತು. ಬೆರಳಲ್ಲಿ ಬಗ್ಗಿಸಿದರೆ ಬಿರುಕು ಬಾಯಿ ತೆರೆಯುತ್ತದೆ. ಕ್ಲಿಪ್ ಮುಚ್ಚಿಕೊಂಡಿದ್ದಕ್ಕೆ ಇಷ್ಟು ದಿನ ಯಾರಿಗೂ ಕಾಣಲಿಲ್ಲ. ಒಂದೂವರೆ ಮೀಟರ್ ಹೊಸ ಪೈಪ್ ಹಾಕಿದೆ.

ಬಿಚ್ಚಿದ ಕಡೆಯೆಲ್ಲ ತಾಮ್ರದ ವಾಷರ್ ಮತ್ತೆ ಹೊಸದು ತರಬೇಕಾ?


ಹಳೇ ಪಾನಾ – ಮಂಗಳವಾರ ರಾತ್ರಿ

ಹೊಸದು ಹಾಕಿದರೆ ಒಳ್ಳೆಯದು. ಅಂಗಡಿ ಮುಚ್ಚಿದ್ದರೆ ಹಳೆಯದನ್ನೇ ತಂತಿಗೆ ಪೋಣಿಸಿ ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಬಿಗಿಮಾಡಿ ಬಿಗಿಮಾಡಿ ತಾಮ್ರ ಗಟ್ಟಿಯಾಗಿರುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಮೈ ಸಮ ಇದ್ದರೆ ಮಾತ್ರ ಹಾಕಿ. ಗೆರೆ ಬಿದ್ದಿದ್ದರೆ ಎಸೆಯಿರಿ. ಒಂದು ಸಾಲದೆ ಎರಡು ವಾಷರ್ ಜೋಡಿಸುವ ಚಟ ಮಾತ್ರ ಬೇಡ.


ಕೊಬ್ಬರಿಗಾಡಿ – ಮುಂದಿನ ಸೋಮವಾರ

ಚೆನ್ನೈಗೆ ಹೋಗಿ ಬಂದೆ. ಏರಿನಲ್ಲೇ ಮೂತಿ ಮೇಲೆ ಮಾಡಿ ನಿಲ್ಲಿಸಿದ್ದೆ, ಅರ್ಧ ಸೆಲ್ಫ್‌ಗೆ ಎದ್ದಿತು. ಮಗಳು ಈಗ ಹತ್ತಿರ ಬರುತ್ತಾಳೆ.

ಲೆಕ್ಕದಮ್ಮ ಅಕ್ಕ, ಟ್ಯಾಂಕ್ ಫುಲ್ ಟು ಫುಲ್ ಲೆಕ್ಕ ಹಾಕಿದೆ, 4.6 ಬಂತು.


ಲೆಕ್ಕದಮ್ಮ – ಸೋಮವಾರ ಸಂಜೆ

ಹತ್ತು ಲೀಟರಿನಲ್ಲಿ ಆರು ಸಿಕ್ಕಿತು. ಇನ್ನೂ ಮೂರೂವರೆ ಲೀಟರ್ ಬಾಕಿ ಇದೆ. ಅದೆಲ್ಲಿ?


ಹಳೇ ಪಾನಾ – ಸೋಮವಾರ ರಾತ್ರಿ

ಬಿಡಲ್ಲ ಈಯಮ್ಮ. ಅಣ್ಣ, ಓಟ ಮುಗಿಸಿದ ತಕ್ಷಣ ನಾಲ್ಕೂ ಕಡೆ ಚಕ್ರದ ಬ್ರೇಕ್ ಡ್ರಮ್ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದೆಯಾ?


ಕೊಬ್ಬರಿಗಾಡಿ – ಸೋಮವಾರ ರಾತ್ರಿ

ಹಿಂದಿನ ಬಲಗಡೆ. ಹತ್ತಿರ ಹೋಗೋಕೇ ಆಗಲ್ಲ.


ಹಳೇ ಪಾನಾ – ಸೋಮವಾರ ರಾತ್ರಿ

ಬ್ರೇಕ್ ಹಿಡಿದುಕೊಂಡಿದೆ, ಬಾಕಿ ಡೀಸೆಲ್ ಅದನ್ನು ಎಳೆಯುವುದಕ್ಕೇ ಹೋಗುತ್ತಿದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾಳೆ ಬರುತ್ತೇನೆ. ಇವತ್ತು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಬೇಕು.